ಅಗ್ಗದ ನಿಸ್ತಂತು ಹೆಡ್‌ಫೋನು: ಚರಿತ್ರಕಾರನ ದೃಷ್ಟಿಯಿಂದ ಒಂದು ಪರಿಶೀಲನೆ

೧

ಚರಿತ್ರೆಯ ಆಕರಗಳನ್ನು ವಿವರಿಸುವಾಗ ಶಾಸನ, ನಾಣ್ಯ, ಓಲೆ, ಕಡತ ಎಂದು ಎಣಿಸಿ, ಕೊನೆಯಲ್ಲಿ ಬಾಯಿಮಾತಿನ ಹೇಳಿಕೆಗಳನ್ನು ಸೇರಿಸುವುದು ನಮ್ಮಲ್ಲಿ ವಾಡಿಕೆ. ಮೊದಲ ನಾಲ್ಕನ್ನು ಓದುವ ಕ್ರಮವನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಶಾಸನದ ಪಡಿಯಚ್ಚು ಎಷ್ಟು ಸ್ಫುಟವಾಗಿರಬೇಕು, ಲಿಪಿಕಾರನ ಸ್ಖಾಲಿತ್ಯವನ್ನು ಹೇಗೆ ಗುರುತಿಸಬೇಕು ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ತಿಳಿಸುತ್ತೇವೆ. ಆದರೆ ಧ್ವನಿಮುದ್ರಿಕೆಯೊಂದನ್ನು ಯಾವ ಉಪಕರಣದಿಂದ ಕೇಳಬೇಕು ಎಂಬ ಪ್ರಶ್ನೆಯನ್ನು ನಾವು ನಮ್ಮ ತರಗತಿಗಳಲ್ಲಿ ಎತ್ತಿದವರಲ್ಲ. ಅದನ್ನು ಎತ್ತಬೇಕಾಗಿ ಬಂದದ್ದು ನಮ್ಮದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಗ್ರಾಮದಲ್ಲಿ ವೃದ್ಧ ನೀರುಗಂಟಿಯೊಬ್ಬರ ಹೇಳಿಕೆಯನ್ನು ಧ್ವನಿಮುದ್ರಣ ಮಾಡಿಕೊಂಡಿದ್ದೆವು. ಕೆರೆಯ ತೂಬು, ಗದ್ದೆಗಳ ಸರದಿ, ಬರದ ವರ್ಷಗಳ ಜಗಳ ಇವೆಲ್ಲವೂ ಅದರಲ್ಲಿದ್ದವು. ಅದನ್ನು ಲಿಪ್ಯಂತರ ಮಾಡಿದ ಪ್ರತಿಯಲ್ಲಿ, ಬರದ ವರ್ಷವೊಂದನ್ನು ಕುರಿತು, ‘ನ್ಯಾಯವಾಗಿ ನೀರು ಬಿಟ್ಟರು’ ಎಂಬ ಮಾತಿತ್ತು. ಆ ಒಂದು ಮಾತನ್ನು ಆಧಾರವಾಗಿ ಹಿಡಿದು, ಆ ಊರಿನ ಹಿರಿಯರು ಬರದಲ್ಲಿಯೂ ಸರದಿಯನ್ನು ಮೀರಲಿಲ್ಲವೆಂದು ನಾವು ಒಂದು ಟಿಪ್ಪಣಿಯನ್ನು ಸಿದ್ಧಪಡಿಸಿದೆವು. ಟಿಪ್ಪಣಿಯನ್ನು ಪರಿಷ್ಕರಿಸುವ ಸಮಯದಲ್ಲಿ ಮುದ್ರಿಕೆಯನ್ನು ಮತ್ತೊಮ್ಮೆ, ತಂತಿಯುಳ್ಳ ಹಳೆಯ ಹೆಡ್‌ಫೋನಿನಲ್ಲಿ ಕೇಳಿದಾಗ ತಿಳಿದುಬಂದುದು, ಆ ವೃದ್ಧರು ಹೇಳಿದ್ದು ‘ಅನ್ಯಾಯವಾಗಿ ನೀರು ಬಿಟ್ಟರು’ ಎಂದು. ವಾಕ್ಯದ ಮೊದಲ ಸ್ವರವೊಂದು ಮಾತ್ರ ಕಳೆದುಹೋಗಿತ್ತು. ಅದರೊಡನೆ ಅವರ ಸಾಕ್ಷ್ಯವೇ ತಿರುಗಿ ನಿಂತಿತ್ತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅವರನ್ನೇ ಕೇಳಿ ದೃಢಪಡಿಸಿಕೊಳ್ಳುವ ಮಾರ್ಗವಿರಲಿಲ್ಲ, ಉಳಿದಿದ್ದುದು ಮುದ್ರಿಕೆಯೊಂದೇ.

ಲಿಪ್ಯಂತರಕ್ಕೆ ಬಳಸಿದ್ದುದು ಕಿವಿಯ ಮೇಲೆ ಕೂರುವ, ಕಡಿಮೆ ಬೆಲೆಯ ಒಂದು ನಿಸ್ತಂತು ಹೆಡ್‌ಫೋನು. ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಯ ಬಳಿ ಇರುವುದು ಈ ಜಾತಿಯದೇ. ಆದುದರಿಂದ ಇದನ್ನು ಬಿಡಿ ಎಂದು ಹೇಳುವುದು ಸುಲಭವಾದರೂ ಉಪಯುಕ್ತವಲ್ಲ. ಇದನ್ನು ಹೇಗೆ ಪರೀಕ್ಷಿಸಿ ಆರಿಸಬೇಕು, ಆರಿಸಿದ ಮೇಲೆ ಹೇಗೆ ಬಳಸಬೇಕು ಎಂಬುದೇ ಪ್ರಕೃತ ಲೇಖನದ ವಿಷಯ. ಅದಕ್ಕೆ ಮುನ್ನ ಈ ಉಪಕರಣದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡುವುದು ಅಗತ್ಯ. ಏಕೆಂದರೆ ಇದರ ಗುಣದೋಷಗಳೆಲ್ಲವೂ ಅದು ನಡೆದುಬಂದ ದಾರಿಯಲ್ಲಿಯೇ ಇವೆ.

೨

ಎರಡು ಕಿವಿಗಳಿಗೂ ಹೊಂದುವ, ತಲೆಯ ಮೇಲೆ ಪಟ್ಟಿಯಿಂದ ನಿಲ್ಲುವ ಹೆಡ್‌ಫೋನನ್ನು ಬಳಕೆಗೆ ತಂದ ಕೀರ್ತಿಯನ್ನು ಸಾಮಾನ್ಯವಾಗಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್ನನಿಗೆ ಸಲ್ಲಿಸುತ್ತಾರೆ. ೧೯೧೦ರಲ್ಲಿ ಆತ ತನ್ನ ಮಾದರಿಯನ್ನು ಆ ದೇಶದ ನೌಕಾಪಡೆಗೆ ಕಳುಹಿಸಿದನು. ನೌಕಾಪಡೆ ಅದನ್ನು ಪರೀಕ್ಷಿಸಿ ಮೆಚ್ಚಿ ಹೆಚ್ಚು ಸಂಖ್ಯೆಯಲ್ಲಿ ಬೇಕೆಂದಾಗ, ತನ್ನ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಆತ ಒಂದು ಸಲಕ್ಕೆ ಹತ್ತನ್ನು ಮಾತ್ರ ಒದಗಿಸಬಲ್ಲವನಾಗಿದ್ದನು. ಇಲ್ಲಿ ಒಂದಂಶವನ್ನು ಗಮನಿಸಬೇಕು. ನೌಕಾಪಡೆಗೆ ಬೇಕಾಗಿದ್ದುದು ಸಂಗೀತವಲ್ಲ. ದೂರದ ಹಡಗಿನಿಂದ ಬಂದ ಕ್ಷೀಣವಾದ ಸಂಕೇತವನ್ನು ತಪ್ಪಿಲ್ಲದೆ ಕೇಳುವುದು. ಎಂದರೆ ಹೆಡ್‌ಫೋನು ಹುಟ್ಟಿದ್ದು ವಿನೋದಕ್ಕಾಗಿ ಅಲ್ಲ, ಸಾಕ್ಷ್ಯಕ್ಕಾಗಿ.

೧೯೨೦ರ ದಶಕದಲ್ಲಿ ಹರಳಿನ ರೇಡಿಯೋ ಪ್ರಚಾರಕ್ಕೆ ಬಂದಾಗ ಹೆಡ್‌ಫೋನು ಮನೆಗಳಿಗೂ ಬಂತು. ಈ ರೇಡಿಯೋಗೆ ಬ್ಯಾಟರಿ ಬೇಕಿರಲಿಲ್ಲ. ಆದರೆ ಅದರ ಶಕ್ತಿ ಒಂದು ಕಿವಿಯನ್ನು ತಲಪುವಷ್ಟು ಮಾತ್ರ. ಮುಂದೆ ವಾಲ್ವ್ ರೇಡಿಯೋ ಮತ್ತು ಧ್ವನಿವರ್ಧಕಗಳು ಹರಡಿದಂತೆ ಕೇಳುವಿಕೆ ಕೂಡುಕಾರ್ಯವಾಯಿತು. ಮೈಸೂರಿನಲ್ಲಿ ೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಕಾಲಕ್ಕೆ ಈ ಪರಿವರ್ತನೆ ನಡೆಯುತ್ತಿತ್ತು. ಹೆಡ್‌ಫೋನು ಬಹುಮಟ್ಟಿಗೆ ದೂರವಾಣಿ ವಿನಿಮಯ ಕೇಂದ್ರ, ಸೈನ್ಯ, ಪ್ರಸಾರ ಕೇಂದ್ರಗಳಿಗೆ ಹಿಂದಿರುಗಿತು.

ಅದು ಪುನಃ ಸಾಮಾನ್ಯ ಶ್ರೋತೃವಿನ ಕೈಗೆ ಬಂದುದು ಮೂರು ಹೆಜ್ಜೆಗಳಲ್ಲಿ. ೧೯೫೮ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೋ ಸಂಗೀತಕ್ಕೆಂದೇ ಮಾಡಿದ ಹೆಡ್‌ಫೋನನ್ನು ಮುಂದಿಟ್ಟನು. ೧೯೬೮ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ‘ಎಚ್‌ಡಿ ೪೧೪’ ಎಂಬುದನ್ನು ಹೊರತಂದಿತು. ಅದರ ಹಿಂಬದಿ ಮುಚ್ಚಿರಲಿಲ್ಲ. ಕಿವಿಯನ್ನು ಸುತ್ತುವ ಭಾರವಾದ ಬಟ್ಟಲುಗಳಿಗೆ ಬದಲಾಗಿ ಕಿವಿಯ ಮೇಲೆ ಸುಮ್ಮನೆ ಕೂರುವ ಸ್ಪಂಜಿನ ಮೆತ್ತೆಗಳಿದ್ದವು. ಹಗುರವಾದದ್ದು ಕೀಳಾದದ್ದಲ್ಲ ಎಂಬುದನ್ನು ಸ್ಥಾಪಿಸಿದ ಉಪಕರಣ ಇದೆನ್ನಬಹುದು. ಮೂರನೆಯ ಹೆಜ್ಜೆ ಜಪಾನಿನದು. ೧೯೭೯ರ ಜುಲೈಯಲ್ಲಿ ಸೋನಿ ಸಂಸ್ಥೆಯ ವಾಕ್‌ಮನ್ ಮಾರಾಟಕ್ಕೆ ಬಂದಾಗ ಅದರೊಡನೆ ಬಂದ ಹೆಡ್‌ಫೋನಿನ ತೂಕ ಸುಮಾರು ೫೦ ಗ್ರಾಂ ಮಾತ್ರ. ಅಂದಿನ ಸಾಮಾನ್ಯ ಹೆಡ್‌ಫೋನುಗಳಾದರೋ ೩೦೦ರಿಂದ ೪೦೦ ಗ್ರಾಂ ತೂಗುತ್ತಿದ್ದವು. ಇದೇ ವಂಶಕ್ಕೆ ಸೇರಿದ ಕಾಸ್ ಸಂಸ್ಥೆಯ ‘ಪೋರ್ಟಾ ಪ್ರೊ’ ೧೯೮೪ರಲ್ಲಿ ಬಂದು, ನಾಲ್ಕು ದಶಕಗಳ ಅನಂತರವೂ ಬಹುಮಟ್ಟಿಗೆ ಅದೇ ಆಕಾರದಲ್ಲಿ, ಸಾಧಾರಣ ಬೆಲೆಯಲ್ಲಿ ತಯಾರಾಗುತ್ತ ಬಂದಿದೆ.

ಮೇಲ್ಕಂಡ ವೃತ್ತಾಂತದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಿವಿಯ ಮೇಲೆ ಕೂರುವ ಹೆಡ್‌ಫೋನು, ಕಿವಿಯನ್ನು ಸುತ್ತುವ ದೊಡ್ಡ ಹೆಡ್‌ಫೋನಿನ ಬಡ ಅನುಕರಣವಲ್ಲ. ಅದು ಬೇರೆಯೇ ಆದ, ಸ್ವತಂತ್ರವಾದ ಒಂದು ಪರಂಪರೆ. ತೂಕ, ಬೆಲೆ, ಸಾಗಿಸುವ ಅನುಕೂಲ ಇವುಗಳಿಗಾಗಿ ಅದು ಒಂದೆರಡನ್ನು ಬಿಟ್ಟುಕೊಟ್ಟಿದೆ. ಬಿಟ್ಟುಕೊಟ್ಟದ್ದು ಏನೆಂದು ತಿಳಿದವನಿಗೆ ಅದರಿಂದ ಮೋಸವಿಲ್ಲ.

೩

ತಂತಿಯನ್ನು ತೆಗೆದುಹಾಕಿದ ವಿದ್ಯೆಯ ಚರಿತ್ರೆ ಬೇರೆ. ೧೯೯೪ರಲ್ಲಿ ಸ್ವೀಡನ್ನಿನ ಎರಿಕ್‌ಸನ್ ಸಂಸ್ಥೆಯಲ್ಲಿ, ಸಮೀಪದ ಉಪಕರಣಗಳನ್ನು ರೇಡಿಯೋ ಅಲೆಗಳಿಂದ ಜೋಡಿಸುವ ಕಾರ್ಯ ಆರಂಭವಾಯಿತು. ೧೯೯೮ರಲ್ಲಿ ಎರಿಕ್‌ಸನ್, ಐಬಿಎಂ, ಇಂಟೆಲ್, ನೋಕಿಯ, ತೋಷಿಬ ಎಂಬ ಐದು ಸಂಸ್ಥೆಗಳು ಕೂಡಿ ಇದಕ್ಕೆ ಒಂದು ಸಂಘವನ್ನು ರಚಿಸಿದವು. ಕ್ರಿ.ಶ. ಹತ್ತನೆಯ ಶತಮಾನದಲ್ಲಿ ಡೇನರನ್ನು ಒಂದುಗೂಡಿಸಿದನೆಂದು ಪ್ರಸಿದ್ಧನಾದ ಹೆರಾಲ್ಡ್ ದೊರೆಯ ಬಿರುದೇ ‘ಬ್ಲೂಟೂತ್’. ಅದರ ಚಿಹ್ನೆ ಆತನ ಹೆಸರಿನ ಎರಡು ಆದ್ಯಕ್ಷರಗಳನ್ನು ರೂನ್ ಲಿಪಿಯಲ್ಲಿ ಬೆಸೆದದ್ದು. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಸಂತೋಷದ ಸಂಗತಿಯೇ ಸರಿ. ಆದರೆ ನಮಗೆ ಇಲ್ಲಿ ಮುಖ್ಯವಾದದ್ದು ಈ ಸಂಪರ್ಕ ಮೊದಲಿಗೆ ರೂಪುಗೊಂಡುದು ದೂರವಾಣಿಯ ಮಾತಿಗಾಗಿ ಎಂಬುದು. ಸಂಗೀತವನ್ನು ಸಾಗಿಸುವ ಕ್ರಮ ೨೦೦೩ರ ಸುಮಾರಿಗೆ ಪ್ರತ್ಯೇಕವಾಗಿ ಸೇರಿತು. ಎರಡೂ ಕ್ರಮಗಳು ಇಂದಿಗೂ ಒಂದೇ ಹೆಡ್‌ಫೋನಿನಲ್ಲಿ ಒಟ್ಟಿಗೆ ಇವೆ.

೨೦೧೬ರಲ್ಲಿ ಆಪಲ್ ಸಂಸ್ಥೆ ತನ್ನ ದೂರವಾಣಿಯಿಂದ ಹೆಡ್‌ಫೋನಿನ ತೂತನ್ನು ತೆಗೆದುಹಾಕಿತು. ಇತರರಲ್ಲಿ ಅನೇಕರು ಅದೇ ದಾರಿ ಹಿಡಿದರು. ಅಲ್ಲಿಂದ ಮುಂದೆ ನಿಸ್ತಂತು ಹೆಡ್‌ಫೋನು ಭೋಗವಸ್ತುವಾಗಿರದೆ ನಿತ್ಯೋಪಯೋಗಿ ವಸ್ತುವಾಯಿತು, ಬೆಲೆಯೂ ಇಳಿಯಿತು. ಈ ವರ್ಗಕ್ಕೆ ಉದಾಹರಣೆಯಾಗಿ ೨೦೨೧ರಲ್ಲಿ ಬಂದ ಜೆಬಿಎಲ್ ಸಂಸ್ಥೆಯ ‘ಟ್ಯೂನ್ ೫೧೦ ಬಿಟಿ’, ೨೦೨೩ರಲ್ಲಿ ಬಂದ ಸೋನಿಯ ‘ಡಬ್ಲ್ಯುಎಚ್-ಸಿಎಚ್ ೫೨೦’ ಎಂಬುವನ್ನು ಹೆಸರಿಸಬಹುದು. ತಯಾರಕರ ಪ್ರಕಟಣೆಯಂತೆ ಮೊದಲನೆಯದು ಒಮ್ಮೆ ವಿದ್ಯುತ್ ತುಂಬಿದರೆ ೪೦ ಗಂಟೆ, ಎರಡನೆಯದು ೫೦ ಗಂಟೆ ನುಡಿಯುತ್ತವೆ. ಎರಡೂ ಕಿವಿಯ ಮೇಲೆ ಕೂರುವವು. ಎರಡರಲ್ಲಿಯೂ ತಂತಿ ಸಿಕ್ಕಿಸುವ ತೂತಿಲ್ಲ.

೪

ಬೆಲೆ ಕಡಿಮೆಯಾದರೆ ನಾದವೂ ಕಡಿಮೆಯೆಂಬ ನಂಬಿಕೆ ಸಾರ್ವತ್ರಿಕವಾಗಿದೆ. ಇದು ಪರೀಕ್ಷೆಗೆ ನಿಲ್ಲುವುದಿಲ್ಲ. ೨೦೧೭ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ವಿಜ್ಞಾನಿ ೨೮೩ ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ ಅಮೆರಿಕದ ಧ್ವನಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿದನು. ತಗ್ಗಿನಿಂದ ತಾರದವರೆಗೆ ಬೇರೆ ಬೇರೆ ಸ್ವರಗಳನ್ನು ಹೆಡ್‌ಫೋನು ಯಾವ ಪ್ರಮಾಣದಲ್ಲಿ ನುಡಿಸುತ್ತದೆ ಎಂಬುದಕ್ಕೂ ಅದರ ಮಾರಾಟದ ಬೆಲೆಗೂ ಸಂಬಂಧ ಕಂಡುಬರಲಿಲ್ಲವೆಂಬುದೇ ಆ ನಿರ್ಣಯ. ಬೆಲೆಯೊಡನೆ ಬರುವುದು ಕಟ್ಟೋಣದ ದಾರ್ಢ್ಯ, ಮೆತ್ತೆಯ ಮೃದುತ್ವ, ಹೊರಗಿನ ಸದ್ದನ್ನು ಅಡಗಿಸುವ ಯಂತ್ರ, ಮತ್ತು ಹೆಸರು. ಇವು ಬೇಡವೆಂದಲ್ಲ, ಆದರೆ ಇವನ್ನು ನಾದವೆಂದು ಭ್ರಮಿಸಬಾರದು.

ಹಾಗಾದರೆ ನಮ್ಮ ತಪ್ಪು ಅಗ್ಗದ ಬೆಲೆಯಿಂದ ಆದುದಲ್ಲವೆ? ಈ ಪ್ರಶ್ನೆಗೆ ಉತ್ತರ ಹುಡುಕಿದಾಗ ನಮಗೆ ಕಂಡುಬಂದ ಕಾರಣ ಬೇರೆ. ಬ್ಯಾಟರಿಯನ್ನು ಉಳಿಸುವ ಸಲುವಾಗಿ ಅನೇಕ ನಿಸ್ತಂತು ಉಪಕರಣಗಳಲ್ಲಿ, ಧ್ವನಿ ನಿಂತೊಡನೆ ಧ್ವನಿಯ ಹರಿವು ವಿಶ್ರಮಿಸುತ್ತದೆ. ಮತ್ತೆ ನುಡಿಸಿದಾಗ ಅದು ಎಚ್ಚರಗೊಳ್ಳಲು ಒಂದು ಕ್ಷಣಾಂಶ ಹಿಡಿಯುತ್ತದೆ. ಆ ಕ್ಷಣಾಂಶದಲ್ಲಿ ಬಂದ ಧ್ವನಿ ಕೆಲವು ಉಪಕರಣಗಳಲ್ಲಿ ಕಿವಿಗೆ ತಲಪುವುದೇ ಇಲ್ಲ. ಸಂಗೀತ ಕೇಳುವವನಿಗೆ ಇದು ಗಮನಕ್ಕೂ ಬಾರದು. ಆದರೆ ಲಿಪಿಕಾರನ ಕೆಲಸ ವಾಕ್ಯ ವಾಕ್ಯಕ್ಕೂ ನಿಲ್ಲಿಸಿ, ಬರೆದು, ಮತ್ತೆ ನುಡಿಸುವುದು. ನಿಲ್ಲಿಸಿದಷ್ಟು ಸಲವೂ ಮುಂದಿನ ವಾಕ್ಯದ ಮೊದಲ ಅಕ್ಷರ ಅಪಾಯಕ್ಕೆ ಸಿಕ್ಕುತ್ತದೆ. ಕನ್ನಡದಲ್ಲಿ ಸಂಸ್ಕೃತದಿಂದ ಬಂದ ನಿಷೇಧ ನಿಂತಿರುವುದು ಪದದ ಆದಿಯಲ್ಲಿಯೇ: ನ್ಯಾಯ-ಅನ್ಯಾಯ, ಸಾಧ್ಯ-ಅಸಾಧ್ಯ, ಧರ್ಮ-ಅಧರ್ಮ. ನೀರುಗಂಟಿಯ ಮಾತು ಕೆಟ್ಟದ್ದು ಹೀಗೆ.

ಎರಡನೆಯ ಕಾರಣವನ್ನೂ ಇಲ್ಲಿಯೇ ಹೇಳಬೇಕು. ಹೆಡ್‌ಫೋನಿನಲ್ಲಿರುವ ಮೈಕು ಕೆಲಸಕ್ಕೆ ತೊಡಗಿದಾಗ ಸಾಮಾನ್ಯವಾಗಿ ಸಂಪರ್ಕ ಸಂಗೀತದ ಕ್ರಮವನ್ನು ಬಿಟ್ಟು ದೂರವಾಣಿಯ ಕ್ರಮಕ್ಕೆ ಇಳಿಯುತ್ತದೆ. ಆ ಕ್ರಮದ ಹಳೆಯ ರೂಪದಲ್ಲಿ ಧ್ವನಿಯ ಮಾದರಿಯನ್ನು ಸೆಕೆಂಡಿಗೆ ೮,೦೦೦ ಸಲ ಮಾತ್ರ ತೆಗೆಯುವುದರಿಂದ, ಸೆಕೆಂಡಿಗೆ ೪,೦೦೦ ಕಂಪನಗಳಿಗೆ ಮೇಲ್ಪಟ್ಟ ಧ್ವನಿ ಸಾಗುವುದೇ ಇಲ್ಲ. ೨೦೧೧ರಲ್ಲಿ ಬಂದ ಪರಿಷ್ಕಾರ ಇದನ್ನು ಇಮ್ಮಡಿಗೊಳಿಸಿದರೂ, ಜೋಡಿಸಿದ ಉಪಕರಣಗಳೆರಡೂ ಅದಕ್ಕೆ ಒಪ್ಪಬೇಕು. ‘ಸ’ಕಾರದ ಶಕ್ತಿ ಹೆಚ್ಚಾಗಿ ಇರುವುದು ಆ ೪,೦೦೦ದ ಮೇಲೆ, ‘ಶ’ಕಾರದ್ದು ಅದಕ್ಕಿಂತ ಕೆಳಗೆ. ಆದುದರಿಂದ ದೂರದ ಸಹೋದ್ಯೋಗಿಯೊಡನೆ ಕರೆಯಲ್ಲಿದ್ದುಕೊಂಡೇ ಮುದ್ರಿಕೆಯನ್ನು ಕೇಳುವವರಿಗೆ, ನೇಕಾರನೊಬ್ಬ ಹೇಳಿದ್ದು ‘ಸಾಲು’ ಎಂದೋ ‘ಶಾಲು’ ಎಂದೋ ತಿಳಿಯುವುದು ಕಷ್ಟ. ಮೊದಲೇ ನಮ್ಮ ಹಲವು ಪ್ರಾಂತಗಳ ಆಡುಮಾತಿನಲ್ಲಿ ಇವೆರಡರ ಭೇದ ತೆಳುವಾಗಿದೆ. ಇದ್ದ ಭೇದವನ್ನೂ ಯಂತ್ರ ಅಳಿಸಿದರೆ ಭಾಷಾಶಾಸ್ತ್ರದ ದೃಷ್ಟಿಯಿಂದಲೂ ಅದು ನಷ್ಟವೇ.

ಈ ಎರಡು ದೋಷಗಳೂ ಬೆಲೆಗೆ ಅಂಟಿದವಲ್ಲ, ಕ್ರಮಕ್ಕೆ ಅಂಟಿದವು. ದುಬಾರಿಯಾದ ನಿಸ್ತಂತು ಹೆಡ್‌ಫೋನಿನಲ್ಲಿಯೂ ಇವು ಇರಬಹುದು, ಅಗ್ಗದ್ದರಲ್ಲಿ ಇಲ್ಲದಿರಬಹುದು. ಪರೀಕ್ಷಿಸದೆ ಹೇಳುವಂತಿಲ್ಲ.

೫

ಮೇಲಿನ ವಿವೇಚನೆಯ ಮೇರೆಗೆ ಅಗ್ಗದ ನಿಸ್ತಂತು ಹೆಡ್‌ಫೋನನ್ನು ಕೊಳ್ಳುವಾಗ ಐದು ಪರೀಕ್ಷೆಗಳನ್ನು ನಾವು ಸೂಚಿಸುತ್ತೇವೆ. ಇವಕ್ಕೆ ಪ್ರಯೋಗಾಲಯ ಬೇಡ. ಅರ್ಧ ದಿನದ ಬಿಡುವು ಸಾಕು.

ಮೊದಲನೆಯದು ಆದ್ಯಕ್ಷರ ಪರೀಕ್ಷೆ. ‘ಅನ್ಯಾಯ’, ‘ಅಸಾಧ್ಯ’, ‘ಅಧರ್ಮ’ ಮೊದಲಾದ ಪದಗಳನ್ನು ನಡುವೆ ಮೌನ ಬಿಟ್ಟು ಮುದ್ರಿಸಿಕೊಂಡು, ಪ್ರತಿ ಪದದ ಹಿಂದೆ ನಿಲ್ಲಿಸಿ, ಅರ್ಧ ನಿಮಿಷ ತಡೆದು, ಮತ್ತೆ ನುಡಿಸಬೇಕು. ಆದಿಯ ಸ್ವರ ಪ್ರತಿ ಸಲವೂ ಕೇಳಿದರೆ ಉಪಕರಣ ಯೋಗ್ಯ. ಕೇಳದಿದ್ದರೂ ತ್ಯಾಜ್ಯವೆನ್ನಬೇಕಾಗಿಲ್ಲ, ನಿಲ್ಲಿಸಿದಲ್ಲಿಂದ ಎರಡು ಮೂರು ಸೆಕೆಂಡು ಹಿಂದೆ ಸರಿದು ನುಡಿಸುವ ಅಭ್ಯಾಸವನ್ನು ಕಡ್ಡಾಯ ಮಾಡಿಕೊಂಡರೆ ದೋಷ ಪರಿಹಾರವಾಗುತ್ತದೆ.

ಎರಡನೆಯದು ಊಷ್ಮಾಕ್ಷರ ಪರೀಕ್ಷೆ. ‘ಸಾಲು-ಶಾಲು’, ‘ಸೇರು-ಶೇರು’ ಎಂಬಂಥ ಜೋಡಿಗಳನ್ನು ಒಬ್ಬರು ಓದಿ ಮುದ್ರಿಸಬೇಕು. ಕ್ರಮ ತಿಳಿಯದ ಇನ್ನೊಬ್ಬರು ಕೇಳಿ ಬರೆಯಬೇಕು. ಮೈಕು ನಿಂತಿರುವಾಗ ಒಮ್ಮೆ, ಕರೆಯಲ್ಲಿರುವಾಗ ಒಮ್ಮೆ ಹೀಗೆ ಮಾಡಿದರೆ, ಕರೆಯಲ್ಲಿದ್ದು ಲಿಪ್ಯಂತರ ಮಾಡಬಾರದೆಂಬುದಕ್ಕೆ ಬೇರೆ ಉಪದೇಶ ಬೇಕಾಗದು.

ಮೂರನೆಯದು ಹೊಂದಿಕೆಯ ಪರೀಕ್ಷೆ. ಕಿವಿಯ ಮೇಲೆ ಕೂರುವ ಮೆತ್ತೆ ಕಿವಿಯನ್ನು ಪೂರ್ತಿಯಾಗಿ ಮುಚ್ಚದು. ಸಂದು ಉಳಿದರೆ ತಗ್ಗು ಸ್ವರಗಳು ಸೋರಿಹೋಗುತ್ತವೆ. ಕನ್ನಡಕದ ಕಡ್ಡಿ ಈ ಸಂದನ್ನು ಹೆಚ್ಚಿಸುತ್ತದೆ. ಪಟ್ಟಿ ಬಿಗಿಯಾದರೆ ಸಂದು ಮುಚ್ಚೀತು, ಆದರೆ ಒಂದು ಗಂಟೆಯೊಳಗೆ ಕಿವಿ ನೋಯುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದರೆ ಇದು ತಿಳಿಯದು. ಕನ್ನಡಕ ಧರಿಸಿಯೇ ಒಂದೂವರೆ ಗಂಟೆ ಕೆಲಸ ಮಾಡಿ ನೋಡಬೇಕು.

ನಾಲ್ಕನೆಯದು ಗದ್ದಲದ ಪರೀಕ್ಷೆ. ಹೊರಗಿನ ಸದ್ದನ್ನು ಈ ಜಾತಿಯ ಹೆಡ್‌ಫೋನು ಅಷ್ಟಾಗಿ ತಡೆಯದು. ಬಸ್ಸಿನಲ್ಲಿ, ವಿದ್ಯಾರ್ಥಿನಿಲಯದಲ್ಲಿ ಕೇಳುವವರು ಆ ಸದ್ದನ್ನು ಮೀರಿಸಲು ಧ್ವನಿಯನ್ನು ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಮೇರೆ ವಾರಕ್ಕೆ ೪೦ ಗಂಟೆಗಳವರೆಗೆ ೮೦ ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಸುರಕ್ಷಿತ ಕಾಲ ಅರ್ಧಕ್ಕೆ ಇಳಿಯುತ್ತದೆ. ಕಳೆದ ಕಡತದ ನಕಲು ಎಲ್ಲಿಯಾದರೂ ದೊರೆತೀತು. ಕಳೆದ ಶ್ರವಣಶಕ್ತಿ ದೊರೆಯದು. ನಮ್ಮ ವಿದ್ಯಾರ್ಥಿಗಳು ಲಿಪ್ಯಂತರವನ್ನು ನಿಶ್ಶಬ್ದವಾದ ಕೊಠಡಿಯಲ್ಲಿಯೇ ಮಾಡಬೇಕೆಂದು ನಾವು ಹೇಳುವುದು ಕೇವಲ ನಿಖರತೆಗಾಗಿ ಅಲ್ಲ.

ಐದನೆಯದು ಆಯುಷ್ಯದ ಪರೀಕ್ಷೆ. ತಂತಿಯ ಹೆಡ್‌ಫೋನಿನಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ತಂತಿ. ಅದನ್ನು ಬೆಸುಗೆ ಹಾಕಿ ಸರಿಪಡಿಸುವವರು ಪ್ರತಿ ಪೇಟೆಯಲ್ಲಿಯೂ ಇದ್ದರು. ನಿಸ್ತಂತು ಹೆಡ್‌ಫೋನಿಗೆ ಬ್ಯಾಟರಿಯೆಂಬ ಇನ್ನೊಂದು ಆಯುಷ್ಯ ಸೇರಿಕೊಂಡಿದೆ. ಆದಾಗ್ಯೂ ಇಲ್ಲಿ ಭಯಕ್ಕಿಂತ ಲೆಕ್ಕ ಮೇಲು. ೫೦ ಗಂಟೆ ನುಡಿಯುವ ಉಪಕರಣವನ್ನು ದಿನಕ್ಕೆ ೩ ಗಂಟೆ ಬಳಸಿದರೆ ೧೬ ದಿನಕ್ಕೊಮ್ಮೆ, ವರ್ಷಕ್ಕೆ ಸುಮಾರು ೨೨ ಸಲ ಮಾತ್ರ ವಿದ್ಯುತ್ ತುಂಬಬೇಕಾಗುತ್ತದೆ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ತುಂಬುವುದನ್ನು ಸಹಿಸುತ್ತದೆ. ಹೀಗಾಗಿ ಬಳಕೆಯಿಂದ ಅದು ಬೇಗ ಸಾಯದು. ವಯಸ್ಸಿನಿಂದ, ಅಥವಾ ಪೂರ್ತಿ ಬರಿದುಮಾಡಿ ತಿಂಗಳುಗಟ್ಟಲೆ ಮೂಲೆಗಿಟ್ಟಿದ್ದರಿಂದ ಸಾಯುತ್ತದೆ. ಮೆತ್ತೆಯ ಕೃತಕ ಚರ್ಮ ಅದಕ್ಕೂ ಮೊದಲೇ ಸುಲಿಯಬಹುದು. ಆದುದರಿಂದ ಬೇರೆ ಮೆತ್ತೆ ದೊರೆಯುತ್ತದೆಯೇ, ತಂತಿ ಸಿಕ್ಕಿಸುವ ತೂತಿದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ನೋಡಬೇಕು. ಎರಡನೆಯದು ಇದ್ದರೆ ಬ್ಯಾಟರಿ ಸತ್ತ ಮೇಲೂ ಅನೇಕ ಹೆಡ್‌ಫೋನುಗಳು ಸತ್ತಂತಾಗುವುದಿಲ್ಲ. ಅಲ್ಲದೆ ಸಂದೇಹ ಬಂದ ವಾಕ್ಯವನ್ನು ತಂತಿಯಿಂದ ಮತ್ತೊಮ್ಮೆ ಕೇಳುವ ಸೌಕರ್ಯವೂ ಅದೇ ಉಪಕರಣದಲ್ಲಿ ದೊರೆಯುತ್ತದೆ. ಯೂರೋಪಿನ ಒಕ್ಕೂಟ ೨೦೨೩ರಲ್ಲಿ ಮಾಡಿದ ಶಾಸನ, ೨೦೨೭ರ ಫೆಬ್ರವರಿಯಿಂದ ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಬದಲಿಸುವಂತಿರಬೇಕೆಂದು ವಿಧಿಸಿದೆ. ಅಗ್ಗವೆಂಬುದರ ಅರ್ಥವನ್ನು ಕೊಂಡ ದಿನದ ಬೆಲೆಯಿಂದಲ್ಲ, ಬಳಸಿದ ವರ್ಷಗಳಿಂದ ನಿಶ್ಚಯಿಸಬೇಕೆಂಬ ತತ್ತ್ವವೇ ಇದರ ಹಿಂದಿರುವುದು.

೬

ಮೇಲೆ ಹೇಳಿದುದರ ಸಾರಾಂಶ ಇಷ್ಟು. ಕಿವಿಯ ಮೇಲೆ ಕೂರುವ ಅಗ್ಗದ ಹೆಡ್‌ಫೋನು ತನ್ನ ಪರಂಪರೆಯಲ್ಲಿ ಗೌರವಾರ್ಹವಾದ ಉಪಕರಣ; ಬೆಲೆಯ ಕಾರಣದಿಂದ ಅದನ್ನು ತಳ್ಳಿಹಾಕುವುದಕ್ಕೆ ಆಧಾರವಿಲ್ಲ. ಆದರೆ ಅದು ನಿಸ್ತಂತುವಾದಾಗ, ಮಾತಾಡಿದವನಿಗೂ ಬರೆದುಕೊಳ್ಳುವವನಿಗೂ ನಡುವೆ ಮತ್ತೊಬ್ಬ ಲಿಪಿಕಾರ ಬಂದು ಕುಳಿತಂತೆ. ಆ ಲಿಪಿಕಾರ ಯಾವ ಅಕ್ಷರವನ್ನು ಎಲ್ಲಿ ಬಿಡುತ್ತಾನೆಂಬುದನ್ನು ತಿಳಿದುಕೊಂಡ ಮೇಲೆ ಅವನನ್ನು ನಂಬಿ ಕೆಲಸ ಮಾಡಬಹುದು. ಓಲೆಯ ಪ್ರತಿಗಳ ವಿಷಯದಲ್ಲಿ ನಮ್ಮ ಹಿರಿಯ ಸಂಪಾದಕರು ಅನುಸರಿಸಿದ್ದೂ ಇದೇ ನೀತಿಯನ್ನು.

ನೀರುಗಂಟಿಯವರ ಹೇಳಿಕೆಯ ತಿದ್ದಿದ ಪ್ರತಿಯನ್ನು ವಿಭಾಗದ ಸಂಗ್ರಹದಲ್ಲಿ ಇರಿಸಿದ್ದೇವೆ. ಹಳೆಯ ಪ್ರತಿಯನ್ನು ಹರಿದುಹಾಕದೆ ಅದರ ಪಕ್ಕದಲ್ಲಿಯೇ ಇಟ್ಟಿದ್ದೇವೆ. ಅಂದಿನಿಂದ ಪ್ರತಿಯೊಂದು ಲಿಪ್ಯಂತರದ ತಲೆಯಲ್ಲಿಯೂ ಅದನ್ನು ಕೇಳಿದ ಉಪಕರಣ ಯಾವುದು, ತಂತಿಯದೋ ನಿಸ್ತಂತುವೋ, ಎರಡನೆಯ ಸಲ ಕೇಳಿದವರು ಯಾರು ಎಂಬುದನ್ನು ನಮೂದಿಸುತ್ತಿದ್ದೇವೆ. ಬೇರೆ ವಿಭಾಗಗಳವರೂ ಈ ಕ್ರಮವನ್ನು ಪರಿಶೀಲಿಸಿ, ತಮ್ಮ ಅನುಭವದಿಂದ ತಿದ್ದಬೇಕಾದುದನ್ನು ತಿಳಿಸಿದರೆ ಉಪಕೃತರಾಗುತ್ತೇವೆ. ಬರದ ವರ್ಷದಲ್ಲಿ ತನ್ನ ಕಣ್ಣೆದುರಿಗೆ ಅನ್ಯಾಯ ನಡೆಯಿತೆಂದು ಒಬ್ಬ ಮುದುಕರು ಬದುಕಿದ್ದಾಗ ಹೇಳಿಹೋದರು. ಆ ಮಾತನ್ನು ಅವರು ಹೇಳಿದಂತೆಯೇ ಉಳಿಸುವುದು ನಮ್ಮ ಕರ್ತವ್ಯ.